ವಾಯ್ಸ್ ಆಫ್ ಮುಕೇಶ್

ಸೂರತ್ತಿನ ಉಧ್ನಾ ಸ್ಟೇಷನ್ನಿನಿಂದ ಹೊರಬಿದ್ದು ಮಗ್ಗದ ಗಲ್ಲಿಗೆ ತಿರುಗುತ್ತೀರಿ. ತಗಡಿನ ಶೆಡ್ಡುಗಳಿಂದ ಖಟಖಟ, ಖಟಖಟ. ಪಕ್ಕದವರ ಜೊತೆ ಮಾತಿಗೂ ಗಂಟಲೇರಿಸಬೇಕು. ಗಲ್ಲಿಯ ಕೊನೆಗೆ ಗಣಪತಿ ಪೆಂಡಾಲು. ಪಕ್ಕದಲ್ಲಿ ಹಲಗೆಯ ವೇದಿಕೆ, ಕೀಬೋರ್ಡು, ರಿದಂ ಪ್ಯಾಡು, ಎಕೋ ಜಾಸ್ತಿಯಿಟ್ಟ ಮೈಕು. ಬ್ಯಾನರಿನಲ್ಲಿ ಗಾಯಕನ ಹೆಸರಿಗಿಂತ ದಪ್ಪಕ್ಷರದಲ್ಲಿ 'ವಾಯ್ಸ್ ಆಫ್ ಮುಕೇಶ್'. ನಮ್ಮ ಗಣೇಶೋತ್ಸವಗಳ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್‌ಗಳ ಬಳಗದವನೇ.

ಅವನು ಬಾಯಿ ತೆರೆದದ್ದೇ ತಡ, ನೀವು ಬೆಚ್ಚುತ್ತೀರಿ. ಮೂಗಿನಲ್ಲಿ ಒಂದಿಷ್ಟು ತಂಗಿ ಬರುವ ಅದೇ ದನಿ, ಸಾಲಿನ ತುದಿಯಲ್ಲಿ ಅದೇ ಸಣ್ಣ ನಡುಕ. ಉಸಿರೆಳೆದುಕೊಳ್ಳುವುದೂ ರೆಕಾರ್ಡಿನಲ್ಲಿ ಎಲ್ಲಿದೆಯೋ ಅಲ್ಲೇ. ಒಂದು ಕಡೆ ಮಾತ್ರ ತನ್ನದೊಂದು ತಿರುವು ಸೇರಿಸುತ್ತಾನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ಕೈಯಾಡಿಸಿ ಬೇಡ ಅನ್ನುತ್ತಾರೆ. ಮುಂದಿನ ಚರಣ ತೆಪ್ಪಗೆ ಹಳೇ ದಾರಿ ಹಿಡಿಯುತ್ತದೆ.

ತಮಾಷೆಯೆಂದರೆ, ಮುಕೇಶ್ ಶುರುಮಾಡಿದ್ದೂ ಹೀಗೇ. 1945ರ 'ಪೆಹ್ಲಿ ನಜರ್' ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಅವರು ಹಾಡಿದ್ದು ಥೇಟ್ ಕೆ.ಎಲ್. ಸೈಗಲ್‌ರಂತೆ, ಇದನ್ನು ತಾವು ಹಾಡಿದ್ದು ಯಾವಾಗ ಎಂದು ಸೈಗಲ್‌ರೇ ಕೇಳಿದರಂತೆ. 1948ರ 'ಜಿದ್ದಿ'ಯಲ್ಲಿ ಕಿಶೋರ್ ಕುಮಾರ್ ಕೂಡ ಸೈಗಲ್ ಧಾಟಿಯಲ್ಲೇ ಹಾಡಿದರು. ಆಮೇಲೆ ಇಬ್ಬರೂ ಆ ಅಂಗಿ ಕಳಚಿಟ್ಟರು. ಈ ಮನುಷ್ಯ ಕಳಚಿದರೆ ಮುಂದಿನ ವರ್ಷ ಪೆಂಡಾಲಿನವರು ಕರೆಯುವುದಿಲ್ಲ. ಇಷ್ಟು ಕಿವಿ, ಇಷ್ಟು ಸಾಧನೆ ಬೇಡುವ ಕಸುಬನ್ನು ಬರೀ ನಕಲು ಅಂತ ತಳ್ಳಿಹಾಕುವವರು ಒಂದೇ ಒಂದು ಚರಣ ಹಾಗೆ ಹಾಡಿ ತೋರಿಸಲಿ.

ಪಾಳಿ ಮುಗಿಯಿತು. ಒಡಿಶಾದ ಗಂಜಾಂ ಕಡೆಯ ಹುಡುಗರು ಟಿಫಿನ್ ಡಬ್ಬಿ ಹಿಡಿದು, ಕೂದಲಿಗಂಟಿದ ನೂಲಿನ ಧೂಳನ್ನೂ ಕೊಡವದೆ ನಿಮ್ಮ ಬೆನ್ನಿಗೊತ್ತಿ ನಿಲ್ಲುತ್ತಾರೆ. 'ಅಬ್ ಕಿಶೋರ್ ದಾ!' ಎಂದು ನಿರೂಪಕ ಕೂಗುತ್ತಾನೆ. ಬೇರೆ ಯಾರೂ ಬರುವುದಿಲ್ಲ. ಅದೇ ಗಾಯಕ ಕೋಟು ಬಿಚ್ಚಿ ಕುರ್ಚಿಗೆ ಹಾಕುತ್ತಾನೆ. ಇಷ್ಟು ಹೊತ್ತು ಕಂಬದಂತೆ ನಿಂತಿದ್ದ ಕಾಲಿಗೆ ಈಗ ಎಲ್ಲಿಲ್ಲದ ಕುಣಿತ. ಯೋಡ್ಲಿಂಗ್ ಶುರು. ಕಿಶೋರ್ ಅದನ್ನು ಕಲಿತದ್ದೂ ಅಣ್ಣ ಅನೂಪ್ ಕುಮಾರರ ವಿದೇಶಿ ರೆಕಾರ್ಡುಗಳನ್ನು ಕೇಳಿಯೇ. ಹುಡುಗರು ಡಬ್ಬಿ ಬಡಿಯುತ್ತ, ಅವನದನ್ನು ತಾವೂ ಕೂಗಿ ನೋಡುತ್ತಾರೆ; ಒಬ್ಬನಿಗೂ ಬರುವುದಿಲ್ಲ, ಆದರೂ ಬಿಡುವುದಿಲ್ಲ.