ಕೈ ಕರೆಯುವ ವಸ್ತುಗಳು

ಒಲೆಯ ಮೇಲೆ ಚಾ ಪಾತ್ರೆ ಇಟ್ಟರೆ ಅದರ ಹಿಡಿ ಗೋಡೆ ಕಡೆಗೇ ಇರಬೇಕು. ಇದು ನಮ್ಮ ಅತ್ತೆಯವರ ಕಟ್ಟುನಿಟ್ಟು. "ಹಿಡಿ ಇತ್ತ ಇದ್ದರೆ ಮಗುವಿನ ಕೈ ಸುಮ್ಮನಿರುವುದಿಲ್ಲ ಮಾರಾಯ್ತಿ" ಎನ್ನುತ್ತಾರೆ.

ಮಗುವಿನದ್ದು ಮಾತ್ರವಲ್ಲ, ದೊಡ್ಡವರ ಕೈಯೂ ಹಾಗೆಯೇ. ಇಂಗ್ಲೆಂಡಿನ ಟಕ್ಕರ್ ಮತ್ತು ಎಲ್ಲಿಸ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮನೆಬಳಕೆಯ ವಸ್ತುವಿನ ಚಿತ್ರ ತೋರಿಸಿ, ಅದು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂಬುದನ್ನು ಎಡಗೈ ಇಲ್ಲವೇ ಬಲಗೈಯಿಂದ ಗುಂಡಿ ಒತ್ತಿ ತಿಳಿಸಲು ಹೇಳಿದರು. ಹಿಡಿ ಯಾವ ಕಡೆಗಿದೆ ಎಂದು ಕೇಳಲೇ ಇಲ್ಲ. ಆದರೂ ಹಿಡಿ ಬಲಕ್ಕಿದ್ದಾಗ ಬಲಗೈ, ಎಡಕ್ಕಿದ್ದಾಗ ಎಡಗೈ ತುಸು ಬೇಗ ಒತ್ತಿತು. ವ್ಯತ್ಯಾಸ ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ. ಆದರೆ ಹಿಡಿ ಕಣ್ಣಿಗೆ ಬಿದ್ದೊಡನೆ, ನಮಗೆ ಗೊತ್ತಾಗುವ ಮೊದಲೇ, ಕೈ ತಯಾರಾಗುತ್ತದೆ ಎಂದಾಯಿತು.

ಹಿಡಿ ಕೈಯನ್ನು ಕರೆದರೆ ಬಣ್ಣ ಕಣ್ಣನ್ನು ಕರೆಯುತ್ತದೆ. ನಮ್ಮ ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಮಳೆಗಾಲಕ್ಕೆ ಮೊದಲೇ ಮೈಲುತುತ್ತು ತಂದಿಡುತ್ತಾರೆ. ಕಲ್ಲುಸಕ್ಕರೆಯ ಹಾಗೆ ಹರಳು, ಹೊಳೆಯುವ ನೀಲಿ. ಹೊಟ್ಟೆಗೆ ಹೋದರೆ ವಿಷ. ಬಾಯಿ ತೆರೆದ ಚೀಲ ಜಗಲಿಯ ಮೂಲೆಯಲ್ಲಿದ್ದರೆ ಅಂಬೆಗಾಲಿನ ಮಗು ಅಲ್ಲಿಗೇ ಹೋಗುತ್ತದೆ.

ಹಾಗಾಗಿ ಮಗುವಿಗೆ ಬೈಯುವ ಮೊದಲು ವಸ್ತು ಇಟ್ಟ ಜಾಗ ನೋಡಬೇಕು. ಮೈಲುತುತ್ತು ಮುಚ್ಚಳವಿರುವ ಡಬ್ಬದಲ್ಲಿ, ಬೀಗದ ಒಳಗಿರಲಿ. ಮೆಟ್ಟುಕತ್ತಿ ಕಣ್ಣಿಗೆ ಕಾಣದ ಕಡೆ ಇರಲಿ. ಶಾಲೆಯ ಊಟದ ಹೊತ್ತಿನಲ್ಲಿ ಬಿಸಿ ಸಾಂಬಾರಿನ ಸೌಟು ಮಕ್ಕಳ ಸಾಲಿನತ್ತ ಚಾಚದಿರಲಿ. ಕೈ ಮುಂದೆ ಹೋದ ಮೇಲೆ "ಮುಟ್ಟಬೇಡ" ಎಂದು ಕೂಗುವಷ್ಟು ಹೊತ್ತು ಇರುವುದಿಲ್ಲ.