ಕಾರವಾರದಿಂದ ಬಂದ ಕಡಲಕಳೆ

ಜಮಖಂಡಿ, ಮುಧೋಳ, ಬೀಳಗಿ ಕಡೆಯ ನಮ್ಮ ಮಕ್ಕಳಿಗೆ ಪಾಚಿ ಎಂದರೆ ಬಾವಿಯ ಮೆಟ್ಟಿಲ ಮೇಲಿನ ಹಾವಸೆ. ಕಾಲಿಟ್ಟರೆ ಜಾರುತ್ತದೆ, ಅಷ್ಟೆ. ಅದೇ ಶೈವಲಗಳ ಗುಂಪಿನಲ್ಲಿ ತೆಂಗಿನ ಮರವನ್ನೂ ಮೀರಿಸುವ ಕೆಲ್ಪ್ ಇದೆಯೆಂದರೆ ಹಿಂದಿನ ಬೆಂಚಿನಲ್ಲಿ ನಗೆ ಏಳುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಕಾರವಾರದ ಪ್ರವಾಸದಿಂದ ಒಣಗಿದ ಕಂದು ಗಿಡವೊಂದನ್ನು ಚೀಲದಲ್ಲಿ ತಂದಿದ್ದಳು. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ‘ದೈತ್ಯ ಕೆಲ್ಪ್’ ಎಂಬ ಚೀಟಿಯೂ ಸಿದ್ಧವಾಗಿತ್ತು. “ಇದರಾಗ ಗಾಳಿ ಗುಳ್ಳಿ ಅದಾವ್ರೀ ಸರ್, ಚಿತ್ರದಾಗೂ ಹಂಗ ಅದಾವ” ಎಂಬುದು ಅವಳ ವಾದ. ದಡ್ಡರ ವಾದವೇನಲ್ಲ. ಅವಳ ತಂದೆ ಮಾತ್ರ, “ಇರ್ಲಿ ಬಿಡ್ರಿ ಸರ್, ನೋಡಾವ್ರಿಗೆ ಏನ್ ಗೊತ್ತಾಗತೈತಿ” ಎಂದುಬಿಟ್ಟರು. ಅದಕ್ಕೆ ನಾನು ಒಪ್ಪಲಿಲ್ಲ.

ಗಿಡವನ್ನು ಉಪ್ಪುನೀರಿನ ತಟ್ಟೆಯಲ್ಲಿ ನೆನೆಸಿದೆವು. ಸ್ವಲ್ಪ ಹೊತ್ತಿನಲ್ಲಿ ಅದು ಬಿಚ್ಚಿಕೊಂಡಿತು. ಕವಲೊಡೆದ ಕಾಂಡ, ನಡುನರವಿರುವ ಸಣ್ಣ ಎಲೆಗಳು, ಪುಟ್ಟ ತೊಟ್ಟಿನ ತುದಿಯಲ್ಲಿ ಮೆಣಸಿನ ಕಾಳಿನಂಥ ಗುಳ್ಳೆಗಳು: ಇದು ಸರ್ಗ್ಯಾಸಮ್. ಕೆಲ್ಪ್‌ನಂತೆ ಕಂದು ಶೈವಲವೇ, ಆದರೆ ಬೇರೆ ಗಣಕ್ಕೆ ಸೇರಿದ್ದು.

ಕೆಲ್ಪ್‌ಗಳಲ್ಲೂ ಗುರುತು ಹಿಡಿಯಲು ಗುಳ್ಳೆಯನ್ನೇ ನೋಡಬೇಕು. ಕ್ಯಾಲಿಫೋರ್ನಿಯಾ, ಚಿಲಿ ತೀರಗಳ ಮ್ಯಾಕ್ರೋಸಿಸ್ಟಿಸ್‌ನಲ್ಲಿ ಪ್ರತಿ ಎಲೆಯ ಬುಡಕ್ಕೂ ಒಂದೊಂದು ಗುಳ್ಳೆ. ಅನುಕೂಲವಿದ್ದಲ್ಲಿ ಅದು ದಿನಕ್ಕೆ ಅರ್ಧ ಮೀಟರಿನಷ್ಟು ಬೆಳೆಯುತ್ತದೆ. ನಮ್ಮ ಕಬ್ಬು ನಾಚಬೇಕು! ನೆರಿಯೋಸಿಸ್ಟಿಸ್‌ಗೆ ಹಗ್ಗದಂಥ ಉದ್ದ ಕಾಂಡ, ಅದರ ತುದಿಯಲ್ಲಿ ಒಂದೇ ಒಂದು ದೊಡ್ಡ ಗುಳ್ಳೆ, ಅದರ ಮೇಲೆ ಎಲೆಗಳ ಜುಟ್ಟು. ಪಠ್ಯದಲ್ಲಿ ಬರುವ ಲ್ಯಾಮಿನೇರಿಯಾಕ್ಕೆ ಗುಳ್ಳೆಯೂ ಇಲ್ಲ, ನಡುನರವೂ ಇಲ್ಲ. ಬರೀ ತೊಗಲಿನ ಪಟ್ಟಿ. ಇವೆಲ್ಲ ತಣ್ಣೀರಿನ ಜೀವಿಗಳು. ಕಾರವಾರದ ಬೆಚ್ಚನೆಯ ಕಡಲಿನಲ್ಲಿ ಬದುಕಲಾರವು.

ಹುಡುಗಿಯ ಮುಖ ಸಪ್ಪಗಾಯಿತು. ಮರುದಿನ ಅವಳೇ ದಪ್ಪ ಹಾಳೆಯ ಮೇಲೆ ಗಿಡವನ್ನು ಹರಡಿ, ಅಂಟದಿರಲೆಂದು ಮೇಲೆ ಬನಹಟ್ಟಿಯ ತೆಳು ಹತ್ತಿಬಟ್ಟೆ ಹೊದಿಸಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟಳು. ಚೀಟಿಯ ಮೇಲೆ ‘ಸರ್ಗ್ಯಾಸಮ್, ಕಾರವಾರ’ ಎಂದು ಬರೆದಳು. ಬಹುಮಾನ ಪಕ್ಕದ ಮೇಜಿನ ಅಡುಗೆ ಸೋಡಾದ ಜ್ವಾಲಾಮುಖಿಗೆ ಹೋಯಿತು. (ಅದಕ್ಕೆ ಪ್ರತಿವರ್ಷವೂ ಹೋಗುತ್ತದೆ.)

ಪ್ರದರ್ಶನ ಮುಗಿದ ಮೇಲೆ ಅವಳ ತಂದೆ ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದರು. “ಇದರಿಂದ ಏನರ ಉಪಯೋಗ ಐತೇನ್ರಿ?” ಎಂದರು. ತಮಿಳುನಾಡಿನ ಕರಾವಳಿಯ ಸರ್ಗ್ಯಾಸಮ್‌ನಿಂದ ಆಲ್ಜಿನೇಟ್ ತೆಗೆಯುತ್ತಾರೆ, ಬಟ್ಟೆಗೆ ಅಚ್ಚು ಹಾಕುವಾಗ ಬಣ್ಣ ಹರಡದಂತೆ ಗಟ್ಟಿ ಮಾಡಲು ಅದನ್ನು ಬೆರೆಸುತ್ತಾರೆ ಎಂದೆ. “ಗಂಜಿ ಸಾಲೂದಿಲ್ಲೇನ್ರಿ?” ಎಂದು ಕೇಳಿದರು. ಕೆಲವು ಬಣ್ಣಗಳು ಗಂಜಿಯ ಜೊತೆಗೇ ಕೂಡಿಕೊಂಡುಬಿಡುತ್ತವೆ, ಆಲ್ಜಿನೇಟ್ ಜೊತೆ ಹಾಗಾಗುವುದು ಕಡಿಮೆ ಎಂದೆ. ತಂದೆ, ಮಗಳು ಇಬ್ಬರೂ ಮತ್ತೊಮ್ಮೆ ಹಾಳೆಯತ್ತ ಬಾಗಿದರು.