ಕೊಟ್ಟಿಗೆಯ ವಿದ್ಯೆ

ಸಂತಾನವೆಂಬುದು ನಮ್ಮ ಮನೆಗಳಲ್ಲಿ ಎಲ್ಲರ ಮನಸ್ಸಿನಲ್ಲಿಯೂ ಇದ್ದು, ಯಾರೂ ಬಾಯಿಬಿಟ್ಟು ಆಡದ ವಿಷಯ. ದನಗಳ ಮಾತಾದರೆ ಹಾಗಲ್ಲ. ಸಿರುಗುಪ್ಪದ ಸೀಮೆಯ ಭತ್ತದ ಗದ್ದೆಗಳ ನಡುವಿನ ನಮ್ಮ ದೇಶನೂರಿನಲ್ಲಿ, ಯಾರ ಆಕಳು ಬೆದೆಗೆ ಬಂದಿತು, ಯಾರ ಎಮ್ಮೆ ಗಬ್ಬವಾಯಿತು ಎಂಬುದನ್ನು ಹಿರಿಯರು ಕಟ್ಟೆಯ ಮೇಲೆ ಕುಳಿತು ನಿಸ್ಸಂಕೋಚವಾಗಿ ಆಡುತ್ತಾರೆ.

ನನ್ನ ತಂಗಿಯ ಮಗಳು ಪಶುವೈದ್ಯ ಪದವಿಯನ್ನು ಪಡೆದು, ಮುಂದೆ ಸಂತಾನೋತ್ಪತ್ತಿ ಶಾಸ್ತ್ರದಲ್ಲಿಯೇ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದಾಗ ಮನೆಯಲ್ಲಿ ಸಣ್ಣ ಕೋಲಾಹಲವೇ ಆಯಿತು. “ಮದುವೆಯಾಗಬೇಕಾದ ಹುಡುಗಿ, ಕೇಳಿದವರಿಗೆ ಏನೆಂದು ಹೇಳುವುದು?” ಎಂಬುದು ಅವಳ ತಂದೆಯ ಚಿಂತೆ. “ಮಾವಾ, ನೀವಾದರೂ ಹೇಳಿರಿ” ಎಂದು ಅವಳು ನನ್ನ ಕಡೆಗೆ ತಿರುಗಿದಳು. ಅಂದು ನಾನು ಹೇಳಿದುದನ್ನೇ ವಾಚಕರ ಮುಂದಿಡುತ್ತೇನೆ. ಇಂಥ ಹೆಣ್ಣುಮಕ್ಕಳು ಬೇರೆ ಮನೆಗಳಲ್ಲಿಯೂ ಇರಬಹುದಷ್ಟೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1939ರಲ್ಲಿ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಡಾ. ಸಂಪತ್‌ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಲ್ಲಿ ಕೃತಕ ಗರ್ಭಧಾರಣೆಯನ್ನು ನಡೆಯಿಸಿದರು. ಭಾರತದಲ್ಲಿ ಇದೇ ಮೊದಲಿನದೆಂದು ಪ್ರಸಿದ್ಧಿ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್ ಮತ್ತು ಸಂಗಡಿಗರು, ಗ್ಲಿಸರಿನ್ ಬೆರೆಸಿದರೆ ಹುಂಜದ ವೀರ್ಯವು ಹೆಪ್ಪುಗಟ್ಟಿದರೂ ಜೀವ ಕಳೆದುಕೊಳ್ಳದೆಂದು ಕಂಡರು. ನಾಲ್ಕೇ ವರ್ಷಗಳಲ್ಲಿ ಇಂಥದೇ ಉಪಾಯವು ಮಾನವರಲ್ಲಿಯೂ ಫಲಿಸಿತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶುವು ಜನಿಸುವುದಕ್ಕೆ ಕಾರಣರಾದ ಎಡ್ವರ್ಡ್ಸ್ ಅವರು ವಿದ್ಯಾರ್ಥಿದೆಸೆಯಲ್ಲಿ ಅಭ್ಯಸಿಸಿದ್ದು ಇಲಿಗಳನ್ನು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಹೀಗೆ ಕೊಟ್ಟಿಗೆಯಲ್ಲಿಯೂ ಗೂಡಿನಲ್ಲಿಯೂ ಕಲಿತ ಪಾಠವೇ ಮನುಷ್ಯರ ಮನೆಯಲ್ಲಿ ತೊಟ್ಟಿಲನ್ನು ತೂಗಿತು. ಇದರಲ್ಲಿ ಕೀಳೆನ್ನತಕ್ಕದ್ದು ಏನಿದೆ?

ಇನ್ನೊಂದು ಮಾತು. ಆಕಳು ಗಬ್ಬವಾಗದಿದ್ದರೆ ಒಕ್ಕಲಿಗನು ಏನು ಮಾಡುತ್ತಾನೆ? ಮೇವು ಸಾಲದೆ ಹೋಯಿತೋ, ಹೊತ್ತು ತಪ್ಪಿತೋ ಎಂದು ವಿಚಾರಿಸುತ್ತಾನೆ. ಆಕಳಿಗೆ ಸುಮಾರು 21 ದಿನಗಳಿಗೊಮ್ಮೆ ಬೆದೆ. ಅದು ಒಂದು ದಿನದೊಳಗೆ ಕಳೆದುಹೋಗುವುದು. ಎಮ್ಮೆಯಂತೂ ಬೇಸಗೆಯಲ್ಲಿ ಬೆದೆಯ ಗುರುತನ್ನು ತೋರಿಸುವುದೇ ಕಡಿಮೆ. ಇವೆಲ್ಲ ಸರಿಯಿದ್ದರೆ, ಹೋರಿಯಲ್ಲಿಯೇ ದೋಷವಿರಬಹುದೆಂದು ಬೇರೆ ಹೋರಿಯನ್ನು ನೋಡುತ್ತಾನೆ. ಮೂಕಪ್ರಾಣಿಯ ವಿಷಯದಲ್ಲಿ ಇಷ್ಟು ನ್ಯಾಯ!

ಮನೆಯೊಳಗಿನ ನ್ಯಾಯ ಬೇರೆ. ನಮ್ಮ ಬಂಧುವರ್ಗದಲ್ಲಿ ಒಬ್ಬ ಸಾಧ್ವಿ ಇದ್ದರು. ತೊಟ್ಟಿಲ ಶಾಸ್ತ್ರಕ್ಕೆ ನೆರೆದ ಮುತ್ತೈದೆಯರ ಸಾಲಿನಲ್ಲಿ ಅವರು ತಾವಾಗಿಯೇ ಹಿಂದೆ ನಿಲ್ಲುತ್ತಿದ್ದರು. ಬಂಜೆಯೆಂಬ ಮಾತು ಕಿವಿಗೆ ಬೀಳುವ ಮೊದಲೇ ಸರಿದು ನಿಲ್ಲುವುದು ಅವರಿಗೆ ಅಭ್ಯಾಸವಾಗಿತ್ತು. ಹರಕೆ, ಉಪವಾಸ, ಔಷಧ, ಎಲ್ಲವೂ ಅವರ ಪಾಲಿಗೇ. ಅವರ ಪತಿಯನ್ನು ಯಾವ ವೈದ್ಯನೂ ಒಂದು ಸಲವಾದರೂ ಪರೀಕ್ಷಿಸಲಿಲ್ಲ. ಸಂತಾನವಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಪುರುಷನ ಕಾರಣವೂ ಕೂಡಿರುವುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿಯನ್ನಿಟ್ಟು ನೋಡಿದ್ದರೆ ಸುಳಿವು ಸಿಕ್ಕಬಹುದಾಗಿದ್ದ ಸಂಗತಿಗಾಗಿ ಆ ತಾಯಿ ಜೀವಮಾನವನ್ನೆಲ್ಲ ತಲೆ ತಗ್ಗಿಸಿ ಕಳೆದರು. ಹೋರಿಯನ್ನು ಪರೀಕ್ಷಿಸಲು ನಾಚದ ನಾವು ಗಂಡನನ್ನು ಪರೀಕ್ಷಿಸಲು ನಾಚುತ್ತೇವೆ.

ನನ್ನ ಮಾತು ಮುಗಿಯುವವರೆಗೆ ಸುಮ್ಮನಿದ್ದ ನನ್ನ ತಾಯಿಯವರು ಕಡೆಗೆ ಹೇಳಿದರು: “ಕರು ಅಡ್ಡ ನಿಂತಾಗ ಕೈಹಾಕಿ ಈಯಿಸಿದವಳು ನಾನು. ಅಂದು ಯಾರೂ ನಾಚಿಕೆಯೆನ್ನಲಿಲ್ಲ. ಹುಡುಗಿ ಓದಲಿ.” ಆ ಮಾತಿಗೆ ಎದುರಾಡುವವರಿರಲಿಲ್ಲ.

ಈಗ ಅವಳು ಬೆಂಗಳೂರಿನ ಹೆಬ್ಬಾಳದಲ್ಲಿ, 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ವಿದ್ಯೆಯಿಂದ ನಮ್ಮ ಸೀಮೆಯ ಎಮ್ಮೆಗಳಿಗೆ ಉಪಕಾರವಾದೀತು. ಆಕಳಿಗೆ ಸಲ್ಲುವ ನ್ಯಾಯವು ಸೊಸೆಗೂ ಸಲ್ಲಬೇಕೆಂದು ಹೇಳುವ ಒಂದು ಬಾಯಿ ನಮ್ಮ ಮನೆಯಲ್ಲಿ ಇದ್ದಂತೆಯೂ ಆದೀತು.